ಅತ್ತೆಗೆ ಸಮ್ಮೋಹಿನಿ ಹಾಕಿಸಿದ್ದು

ತಮಿಳು ಸೀಮೆಯ ಸೋಮನೂರಿನಲ್ಲಿ ಕರೆಂಟು ಹೋದರೆ ಕೂಸುಗಳು ಅಳುತ್ತವೆ. ಕತ್ತಲಿಗೆ ಹೆದರಿ ಅಲ್ಲ, ಹಾಡಹಗಲಲ್ಲೂ ಅಳುತ್ತವೆ. ಕರೆಂಟು ಮಗ್ಗದ ಸದ್ದಿನಲ್ಲಿ ಹುಟ್ಟಿ ಮಗ್ಗದ ಸದ್ದಿನಲ್ಲೇ ಮಲಗುವ ಮಕ್ಕಳಿಗೆ ಆ ಸದ್ದು ನಿಂತಿತೆಂದರೆ ಯಾರೋ ತೊಟ್ಟಿಲನ್ನೇ ಎಳೆದು ಹಾಕಿದಂತೆ. ಅಂಥ ಊರಿಗೆ ಬಂದು, ಮೈಕು ಹಿಡಿದು, "ಎಲ್ಲರೂ ನಿಶ್ಶಬ್ದವಾಗಿರಿ, ನಿಮಗೆ ನಿದ್ದೆ ಬರಿಸುತ್ತೇನೆ" ಎಂದವನ ಧೈರ್ಯವನ್ನು ಮೆಚ್ಚಲೇಬೇಕು.

ಅವನು ಪ್ರೊಫೆಸರ್ ಮಾರಿಮುತ್ತು. ಯಾವ ಕಾಲೇಜಿನ ಪ್ರೊಫೆಸರು ಎಂದು ಯಾರೂ ಕೇಳಲಿಲ್ಲ. ಆ ಸೆಕೆಯಲ್ಲಿ ಕರಿ ಕೋಟು ಹಾಕಿದ್ದ, ಅಷ್ಟು ಸಾಕಾಗಿತ್ತು. ಎಂಬತ್ತೈದರ ಆ ಐಪ್ಪಸಿಯಲ್ಲಿ, ಅಂದರೆ ದೀಪಾವಳಿಯ ತಿಂಗಳಲ್ಲಿ, ಕಲ್ಯಾಣ ಮಂಟಪದ ಮುಂದೆ ಬೋರ್ಡು ಬಿತ್ತು: ಮನೋವಸಿಯ, ಅಂದರೆ ಸಮ್ಮೋಹಿನಿ ವಿದ್ಯೆ, ಕಣ್ಣೆದುರಿಗೇ. ಊರೆಲ್ಲ ಹೋಯಿತು. ರಾಜಾಮಣಿಯೂ ಪಕ್ಕದ ಮನೆಯ ಜಾನಮ್ಮನನ್ನು ಎಳೆದುಕೊಂಡು ಹೋದಳು. ನೋಡಲಿಕ್ಕಲ್ಲ, ಅವನ ಬಣ್ಣ ಬಯಲು ಮಾಡಲಿಕ್ಕೆ.

ರಾಜಾಮಣಿಯ ಬಾಯಿ ಊರಿಗೇ ಗೊತ್ತು. "ಯಾರಾದರೂ ಮೇಲೆ ಬನ್ನಿ" ಎಂದು ಅವನು ತಮಿಳಿನಲ್ಲಿ ಕರೆದದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿಯೇಬಿಟ್ಟಳು. ಅವಳ ಜೊತೆಗೆ ಬೇಕರಿಯವನೊಬ್ಬ, ಪೋಸ್ಟ್‌ಮ್ಯಾನ್ ಒಬ್ಬ ಹತ್ತಿದರು. ಮೂವರನ್ನೂ ಕುರ್ಚಿಯಲ್ಲಿ ಕೂರಿಸಿ ಮಾರಿಮುತ್ತು ಜೇಬಿನ ಗಡಿಯಾರ ತೂಗಿದ. ರಾಜಾಮಣಿ ಮನಸ್ಸಿನಲ್ಲೇ, "ತೂಗಪ್ಪಾ ತೂಗು, ನಿನ್ನಂಥೋರನ್ನ ಎಷ್ಟ್ ಜನಾನ ನೋಡಿಲ್ಲ" ಎಂದುಕೊಂಡಳು. ಅಷ್ಟೇ ಅವಳಿಗೆ ನೆನಪಿರುವುದು.

ಮಿಕ್ಕಿದ್ದನ್ನು ಜಾನಮ್ಮ ಹೇಳಿದಳು. ಮನೆಗೆ ಬರುವ ದಾರಿಯುದ್ದಕ್ಕೂ ಹೇಳಿದಳು, ಹೊಟ್ಟೆ ಹಿಡಿದುಕೊಂಡು ಹೇಳಿದಳು, ಎರಡು ಸಲ ಚರಂಡಿಗೆ ಬೀಳುವುದರಲ್ಲಿದ್ದಳು.

"ಅಯ್ಯೋ ರಾಜಾಮಣಿ! ಹಸೀ ಬದನೆಕಾಯಿ ಕೊಟ್ಟು ಇದು ಕೊಯ್ಯಾಪಳ ಅಂದ. ನೀನು ಸೀಬೇಹಣ್ಣಿನ ಥರಾನೇ ಚಪ್ಪರಿಸ್ಕೊಂಡು ತಿಂದೆ ಕಣೇ. ಉಪ್ಪು ಖಾರ ಇದ್ರೆ ಚೆನ್ನಾಗಿತ್ತು ಅಂತ ಬೇರೆ ಕೇಳ್ದೆ!"

"ಸುಮ್ಮಾ ಇರು. ನಾನಾ?"

"ನೀನೇ. ಆಮೇಲೆ ಅವನು, ನಿಮಗೆ ರೊಂಬ ಇಷ್ಟವಾದ ಕೆಲಸ ಮಾಡಿ ಅಂದ. ಬೇಕರಿಯವನು ಗಾಳಿಪಟ ಬಿಟ್ಟ. ಪೋಸ್ಟ್‌ಮ್ಯಾನು ನೆಲದ ಮೇಲೆ ಬಿದ್ದು ಈಜಿದ. ನೀನು ಹೊಲಿಗೆ ಮಿಷನ್ ತುಳಿಯೋಕೆ ಶುರು ಮಾಡ್ದೆ. ಇಲ್ಲದ ಬನಿಯನ್ನು ಹೊಲಿಯೋದು, ಹಲ್ಲಲ್ಲಿ ದಾರ ಕಡಿಯೋದು, ಮಡಿಸಿ ಪಕ್ಕಕ್ಕಿಡೋದು. ಅವನು ಚಪ್ಪಾಳೆ ತಟ್ಟಿ ಎಬ್ಬಿಸಿದ್ರೆ ಉಳಿದೋರು ಎದ್ರು, ನೀನು ಏಳಲಿಲ್ಲ. 'ಇರಿ ಸಾರ್, ಈ ಕಂಕುಳು ಒಂದು ಮುಗಿಸಿ ಬತ್ತೀನಿ' ಅಂದೆ!"

ರಾಜಾಮಣಿ ನಗಲಿಲ್ಲ. ದಾರಿಯಲ್ಲೇ ನಿಂತುಬಿಟ್ಟಳು. ನಾಚಿಕೆಯಿಂದ ಅಲ್ಲ, ಅದು ಅವಳಿಗೆ ಹುಟ್ಟಿನಿಂದಲೇ ಕಡಿಮೆ. ಒಳಗೆ ಬಚ್ಚಿಟ್ಟಿದ್ದ ಆಸೆ ಮೈಕಿನ ಮುಂದೆ ಕುಣಿದು ಬಂದಿತಲ್ಲ ಎಂದು ಬೆಚ್ಚಿದ್ದಳು.

ಆಸೆ ಇಷ್ಟೇ. ತಿರುಪ್ಪೂರಿನಲ್ಲಿ ಅವಳ ಅಣ್ಣ ದೊರೈಸಾಮಿ ಬನಿಯನ್ ಕಂಪನಿ ಮಾಡಿದ್ದ. ಅಲ್ಲಿ ಆಗ ಬನಿಯನ್ನು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. "ತಂಗಚ್ಚಿ, ಎರಡು ಮಿಷನ್ ನಿನ್ನ ಮನೆಗೆ ಕಳಿಸ್ತೀನಿ, ಬಟ್ಟೆ ನಾನೇ ಕತ್ತರಿಸಿ ಕೊಡ್ತೀನಿ, ನೀನು ಹೊಲಿಸಿ ಕಳಿಸು. ದೀಪಾವಳಿಯೊಳಗೆ ಹೇಳು, ಇಲ್ಲಾಂದ್ರೆ ಬೇರೆಯೋರು ಕಾಯ್ತಾ ಅವ್ರೆ" ಎಂದಿದ್ದ. ಮದುವೆಯಾಗಿ ಬಂದಂದಿನಿಂದ ರಾಜಾಮಣಿ ಗಂಡನ ಮಗ್ಗಗಳಿಗೆ ಕಂಡಿಕೆಗಳ ಮೇಲೆ ನೂಲು ಸುತ್ತಿ ಸುತ್ತಿ ಕೊಟ್ಟವಳು. ಬಟ್ಟೆ ಯಾರದೆಂದರೆ ಗಂಡ ತಿರುಮಲೈಸಾಮಿಯದು. ನೂಲು ಸುತ್ತಿದವಳ ಹೆಸರು ಯಾರು ಕೇಳುತ್ತಾರೆ? ಸಾಯುವುದರೊಳಗೆ ಇದು ನನ್ನ ಕೆಲಸ ಅಂತ ಒಂದು ಮಾಡಬೇಕು ಎಂದು ಅವಳಿಗೆ ಹಸಿವಿನಷ್ಟೇ ನಿಜವಾಗಿ ಅನಿಸುತ್ತಿತ್ತು.

ಅಡ್ಡ ಬಂದದ್ದು ದೇವಿ. ಅತ್ತೆ ಕುಪ್ಪಮ್ಮನ ಮೇಲೆ ಚೌಡಮ್ಮ ಬರುತ್ತಿದ್ದಳು. ನೇಯುವ ದೇವಾಂಗರ ಮನೆಯಲ್ಲಿ ಅದೇನು ಹೊಸದಲ್ಲ, ಆದರೆ ಕುಪ್ಪಮ್ಮನ ಮೇಲೆ ಬರುತ್ತಿದ್ದ ಅಮ್ಮನ ದರ್ಬಾರೇ ಬೇರೆ. ಶುಕ್ರವಾರ ಕರ್ಪೂರ ಹಚ್ಚಿದರೆ ಮುದುಕಿಯ ಬೆನ್ನು ನೆಟ್ಟಗಾಗಿ, ಕಣ್ಣು ಕೆಂಪಾಗಿ, ದನಿ ಗುಡುಗುತ್ತಿತ್ತು. ಸೊಸೆ ತಂದ ಕುಕ್ಕರಿನಿಂದ ಹಿಡಿದು ಮೊಮ್ಮಗಳ ಗಂಡಿನವರೆಗೆ ಆ ಮನೆಯಲ್ಲಿ ಏನಾಗಬೇಕಾದರೂ ಅಮ್ಮನ ಅಪ್ಪಣೆ ಬೇಕು. ಆಡಿ, ಅಂದರೆ ಆಷಾಢ ತಿಂಗಳಲ್ಲಿ ತಿರುಮಲೈಸಾಮಿ ಕೈಮುಗಿದು ಬನಿಯನ್ ಮಾತೆತ್ತಿದ್ದ. ಅಮ್ಮ ಅಬ್ಬರಿಸಿದ್ದಳು: "ದೇವರಿಗೇ ಬಟ್ಟೆ ನೆಯ್ದ ಕುಲ! ನೆಯ್ಯೋರು ನೆಯ್ಬೇಕು! ಹೆಣೆದ ಬನಿಯನ್ ಬಟ್ಟೆ ಈ ಹೊಸ್ತಿಲು ದಾಟಬಾರದು!" ಅಲ್ಲಿಗೆ ಮುಗಿಯಿತು. ತಮಾಷೆಯೆಂದರೆ ಅಪ್ಪಣೆ ಬೇಡುತ್ತಿದ್ದ ತಿರುಮಲೈಸಾಮಿಯ ಮೈಮೇಲೆ ಆಗಲೂ ತಿರುಪ್ಪೂರಿನ ಬನಿಯನ್ನೇ ಇತ್ತು. ಅಮ್ಮನೂ ಅದನ್ನು ಗಮನಿಸಲಿಲ್ಲ, ಅವನೂ ಗಮನಿಸಲಿಲ್ಲ.

ತಿರುಮಲೈಸಾಮಿಯ ಬಗ್ಗೆ ಹೇಳುವುದಾದರೆ, ಒಳ್ಳೆಯವನು. ಬಹಳ ಒಳ್ಳೆಯವನು. ಇಷ್ಟು ಸಲ ಹೇಳಬೇಕಾಗಿ ಬಂದಾಗಲೇ ನಿಮಗೆ ಅರ್ಥವಾಗಿರಬೇಕು.

"ಜಾನಮ್ಮಾ, ಅವನು ನನ್ನ ಬಾಯಲ್ಲಿ ಬದನೆಕಾಯಿ ಕೊಯ್ಯಾಪಳ ಅನ್ಸಿದ. ನಮ್ಮತ್ತೆ ಬಾಯಲ್ಲಿ ಒಂದು 'ಹೂಂ' ಅನ್ಸೋಕೆ ಆಗಲ್ವಾ?" ಎಂದಳು ರಾಜಾಮಣಿ.

ಜಾನಮ್ಮ ನಗುವುದನ್ನು ನಿಲ್ಲಿಸಿದಳು. "ಏಯ್, ಅಮ್ಮನಿಗೇ ಮೋಡಿ ಹಾಕಿಸ್ತೀಯಾ?"

"ಅಮ್ಮನಿಗಲ್ಲ, ಅತ್ತೆಗೆ."

ಬೆಳಿಗ್ಗೆ ಇಬ್ಬರೂ ಮಾರಿಮುತ್ತು ಇಳಿದುಕೊಂಡಿದ್ದ ಮೆಸ್ಸಿಗೆ ಹೋದರು. ಕೋಟಿಲ್ಲದ ಪ್ರೊಫೆಸರು ಬಾಳೆಲೆಯ ಮುಂದೆ ಕೂತು ಇಡ್ಲಿಗೆ ಸಾಂಬಾರು ಸುರಿದುಕೊಳ್ಳುತ್ತಿದ್ದ. ಹೇಗೆ ಕೇಳುವುದೆಂದು ಇವರು ತಮ್ಮ ಮನೆಮಾತು ಕನ್ನಡದಲ್ಲಿ ಕಿತ್ತಾಡುತ್ತಿದ್ದರೆ, ಅವನು ತಲೆಯೆತ್ತಿ ಕನ್ನಡದಲ್ಲೇ, "ಕೂತ್ಕೊಳ್ಳಿ ಅಕ್ಕಾ, ಕೂತು ಜಗಳ ಆಡಿ" ಎಂದ. ವೆಳ್ಳಕೋಯಿಲ್ ಕಡೆಯ ಬೇಸಾಯದ ಮನೆಯವನು, ಅವರ ಮನೆಯಲ್ಲೂ ಕನ್ನಡವೇ. ಅದಾದ ಮೇಲೆ ಸಂಕೋಚವೇನು ಬಂತು? ರಾಜಾಮಣಿ ಎಲ್ಲವನ್ನೂ ಒದರಿದಳು.

ಮಾರಿಮುತ್ತು ಬೆರಳು ನೆಕ್ಕಿಕೊಂಡು ಯೋಚಿಸಿದ. "ಅಕ್ಕಾ, ನಾನಿದನ್ನ ಕಲಿತಿದ್ದು ಕೋಳಿಯಿಂದ. ಸಂತೇಲಿ ನಮ್ಮ ತಾತ ಹುಂಜ ಹಿಡಿದು, ಕೊಕ್ಕನ್ನ ನೆಲಕ್ಕೆ ಒತ್ತಿ, ಅದರ ಮೂಗಿನಿಂದ ಮುಂದಕ್ಕೆ ಒಂದು ಗೆರೆ ಎಳೀತಿದ್ದ. ಕೈ ಬಿಟ್ಟರೂ ಹುಂಜ ಏಳ್ತಿರಲಿಲ್ಲ, ಗೆರೆ ನೋಡ್ತಾ ಬಿದ್ದಿರ್ತಿತ್ತು. ಆಮೇಲೆ ಪುಸ್ತಕ ಓದಿದೆ. ಬಿಳಿಯರ ಸೀಮೆಯಲ್ಲಿ ಒಬ್ಬ ವೈದ್ಯ ಇದನ್ನ ಅಯಸ್ಕಾಂತದ ಶಕ್ತಿ ಅಂದನಂತೆ. ಇನ್ನೊಬ್ಬ, ಅದೇನಿಲ್ಲ, ಒಂದೇ ಕಡೆ ದಿಟ್ಟಿಸಿದ ಕಣ್ಣಿಗೆ ಬರೋ ಜೋಂಪು ಅಂದನಂತೆ. ಬಂಗಾಳದಲ್ಲಿ ಒಬ್ಬ ಬಿಳಿ ಡಾಕ್ಟರು ಹೀಗೆ ಮಲಗಿಸಿಯೇ ಗಡ್ಡೆ ಕೊಯ್ತಿದ್ದನಂತೆ, ರೋಗಿ ಕಮಕ್ ಕಿಮಕ್ ಅಂತಿರಲಿಲ್ಲವಂತೆ. ಹೆರಿಗೆ ನೋವಿಗೆ, ಹಲ್ಲು ಕೀಳೋಕೆ, ಬೀಡಿ ಬಿಡಿಸೋಕೆ, ಎಲ್ಲಕ್ಕೂ ಮಾಡ್ತಾರೆ."

"ಅತ್ತೆಗೆ?"

"ಅತ್ತೆಗೆ ಮಾಡಿದ್ದು ಯಾವ ಪುಸ್ತಕದಲ್ಲೂ ಓದಿಲ್ಲ" ಎಂದ ಅವನು. "ಇನ್ನೊಂದು ಮಾತು. ನಾನು ಯಾರಿಗೂ ಏನೂ ಮಾಡಲ್ಲ ಅಕ್ಕಾ. ಬಾಗಿಲು ತಟ್ಟುತೀನಿ ಅಷ್ಟೆ, ತೆಗೆಯೋರು ಅವರೇ. ಒಳಗೆ ಇಲ್ಲದ್ದನ್ನ ಹೊರಗೆ ತರಿಸೋಕೆ ಯಾರಪ್ಪನ ಕೈಲೂ ಆಗಲ್ಲ."

ರಾಜಾಮಣಿಗೆ ಕಡೆಯ ಮಾತು ಕಿವಿಗೇ ಬೀಳಲಿಲ್ಲ. ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುವುದಕ್ಕೆ ಯಾವ ಪ್ರೊಫೆಸರೂ ಬೇಕಾಗಿಲ್ಲ.

ಮಧ್ಯಾಹ್ನ ಮಾರಿಮುತ್ತು ಮನೆಗೆ ಬಂದ. ಅತ್ತೆಗೆ ಹೇಳಿದ್ದು, ಮಂಡಿನೋವಿಗೆ ಔಷಧಿಯಿಲ್ಲದೆ ವಾಸಿ ಮಾಡುವ ವೈದ್ಯ ಅಂತ. ಕುಪ್ಪಮ್ಮ ಪಡಸಾಲೆಯ ಹಗ್ಗದ ಮಂಚದ ಮೇಲೆ ಕಾಲು ಚಾಚಿ ಕೂತು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಪಡಸಾಲೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಲಟಕ್ ಪಟಕ್ ಲಟಕ್ ಪಟಕ್ ಎಂದು ಗೋಡೆಯೇ ಮಾತಾಡುತ್ತಿತ್ತು.

"ಸದ್ದು ನಿಲ್ಲಿಸಿದರೆ ಒಳ್ಳೇದು" ಎಂದ ಮಾರಿಮುತ್ತು. ರಾಜಾಮಣಿ ಶೆಡ್ಡಿಗೆ ಹೋಗಿ ಗಂಡನಿಗೆ ಸನ್ನೆ ಮಾಡಿದಳು. ಮಗ್ಗಗಳು ನಿಂತವು.

ನಿಂತದ್ದೇ ತಪ್ಪಾಯಿತು. ಪಕ್ಕದ ಮನೆಯಲ್ಲಿ ಜಾನಮ್ಮನ ಮೊಮ್ಮಗು ಕಿಟಾರೆಂದು ಕಿರುಚಿತು. ಎದುರು ಮನೆಯವರು ಓಡಿ ಬಂದರು. ಕರೆಂಟಿದ್ದೂ ನಡುಮಧ್ಯಾಹ್ನ ಒಂದು ಮನೆಯ ಮಗ್ಗ ಮಾತ್ರ ನಿಂತರೆ ಆ ಬೀದಿಯಲ್ಲಿ ಅದಕ್ಕಿರುವುದು ಒಂದೇ ಅರ್ಥ. ಬಾಗಿಲಲ್ಲಿ ಸಾಲಾಗಿ ತಲೆಗಳು ಕಂಡವು. "ಯಾವಾಗ ಆಯ್ತು? ಸಾಯಂಕಾಲವೇ ಎತ್ತುತೀರಾ?" ಎಂದು ಒಬ್ಬ ಮೆಲ್ಲಗೆ ಕೇಳಿಯೂ ಬಿಟ್ಟ.

"ನಾನಿನ್ನೂ ಇವ್ನಿ, ಓಗ್ರೋ ಅತ್ತಾಗೆ!" ಎಂದು ಕುಪ್ಪಮ್ಮ ಗದರಿದಳು.

ಮತ್ತೆ ಮಗ್ಗ ಓಡಿಸಲೇಬೇಕಾಯಿತು. ಸದ್ದು ಬಂತು, ಕೂಸು ಮಲಗಿತು, ತಲೆಗಳು ಕರಗಿದವು. ಮಾರಿಮುತ್ತು ಬೆವರೊರೆಸಿಕೊಂಡು, ಆ ಸದ್ದಿನ ತಾಳಕ್ಕೇ ಗಡಿಯಾರ ತೂಗತೊಡಗಿದ. ಆಹಾ, ಈಗ ಅವನ ವಿದ್ಯೆಗೆ ರೆಕ್ಕೆ ಬಂತು. ಲಟಕ್ಕಿಗೆ ಆಚೆ, ಪಟಕ್ಕಿಗೆ ಈಚೆ. "ಕಣ್ಣು ಭಾರ ಆಗ್ತಿದೆ... ಮೈ ಹಗುರ ಆಗ್ತಿದೆ... ಕೈ ತಾನಾಗಿ ಮೇಲೆ ಏಳ್ತಿದೆ..."

ಕುಪ್ಪಮ್ಮ ಗಡಿಯಾರ ನೋಡಿದಳು. ಆಮೇಲೆ ಮಾರಿಮುತ್ತುವಿನ ಮುಖ ನೋಡಿದಳು. ಕುಟ್ಟಿದ ಎಲೆಯಡಿಕೆ ಹಾಕಿಕೊಂಡಳು. ಮತ್ತೆ ಗಡಿಯಾರ ನೋಡಿ, "ಇದು ಸರಿಯಾದ ಟೈಮ್ ತೋರಿಸ್ತದಾ?" ಎಂದಳು. ಚೌಡಮ್ಮನನ್ನೇ ಮೈಮೇಲೆ ಹೊತ್ತು ಅಭ್ಯಾಸವಾದ ಹೆಂಗಸಿಗೆ ಗಡಿಯಾರ ಯಾವ ಲೆಕ್ಕ?

ಆದರೆ ಅವಳ ಬೆನ್ನ ಹಿಂದೆ ಗೋಡೆಗೊರಗಿ ಕೂತಿದ್ದ ಜಾನಮ್ಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಶೆಡ್ಡಿನ ಬಾಗಿಲಲ್ಲಿ, ಏನಾಗುತ್ತಿದೆಯೆಂದು ಇಣುಕಲು ಬಂದ ತಿರುಮಲೈಸಾಮಿ ಕಂಬದಂತೆ ನಿಂತಿದ್ದ. ಕಣ್ಣು ಅರ್ಧ ಮುಚ್ಚಿತ್ತು, ಎರಡು ಕೈಯೂ ತಲೆಯ ಮೇಲಕ್ಕೆ ಎದ್ದಿದ್ದವು.

ಕುಪ್ಪಮ್ಮ ತಿರುಗಿದಳು, ನೋಡಿದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗುಳಿ ಮಂಚದಿಂದ ಜಿಗಿದಳು. ಮಂಡಿನೋವು ಎಲ್ಲಿಗೆ ಹೋಯಿತೋ!

"ಅಮ್ಮ ಬಂದವ್ಳೆ! ನನ್ನ ಮಗನ ಮೇಲೆ ಅಮ್ಮ ಬಂದವ್ಳೆ! ಏಯ್ ರಾಜಾಮಣಿ, ಕರ್ಪೂರ ತಾ! ನಿಂಬೆಹಣ್ಣು ತಾ!"

ಬೇರೆ ಊರಿನವರಾಗಿದ್ದರೆ ಡಾಕ್ಟರನ್ನು ಕರೆಯುತ್ತಿದ್ದರು. ಇಲ್ಲಿ ಅರಿಶಿನ ಬಂತು, ಬೇವಿನಸೊಪ್ಪು ಬಂತು, ತಿರುಮಲೈಸಾಮಿಯ ಹಣೆಗೆ ಅಂಗೈಯಗಲ ಕುಂಕುಮ ಬಂತು. ಮಾರಿಮುತ್ತು, "ಅಯ್ಯೋ ಅಜ್ಜಿ, ಅದು ಅಮ್ಮ ಅಲ್ಲ, ನಾನು ಎಬ್ಬಿಸ್ತೀನಿ" ಎಂದು ಮುಂದೆ ಬಂದರೆ, ಕುಪ್ಪಮ್ಮ ಬೇವಿನಸೊಪ್ಪಿನಿಂದಲೇ ಅವನ ಮುಖಕ್ಕೆ ರಪ್ಪನೆ ಒಂದು ಕೊಟ್ಟಳು. ರಾಜಾಮಣಿ ಅವನನ್ನು ಮೂಲೆಗೆಳೆದು, "ಬೇಡ ಎಬ್ಬಿಸಬೇಡಿ! ಅತ್ತೆ ಬಾಯಾದ್ರೇನು, ಇವರ ಬಾಯಾದ್ರೇನು? ನನಗೆ ಬೇಕಾದ್ದು ಒಂದು ಹೂಂ!" ಎಂದಳು.

ಕುಪ್ಪಮ್ಮ ಕರ್ಪೂರ ಹಚ್ಚಿ ಮಗನ ಮುಂದೆ ಕೈಮುಗಿದು ನಿಂತಳು. "ತಾಯೀ, ಬಂದಿರೋದು ನೀನು ತಾನೆ?"

"ನಾನು ತಾನೆ" ಎಂದ ತಿರುಮಲೈಸಾಮಿ, ನಿದ್ದೆಯ ದನಿಯಲ್ಲಿ.

ರಾಜಾಮಣಿ ಮುನ್ನುಗ್ಗಿದಳು. "ಅಮ್ಮಾ, ಈ ಮನೇಲಿ ಬನಿಯನ್ ಮಿಷನ್ ಹಾಕಬೇಕು ತಾನೆ?"

"ಹಾಕಬೇಕು ತಾನೆ."

ರಾಜಾಮಣಿಗೆ ಕುಣಿಯುವಂತಾಯಿತು. ಕುಪ್ಪಮ್ಮ ಹುಬ್ಬು ಗಂಟಿಕ್ಕಿದಳು. "ಇರು ತಾಯೀ. ಆಡೀಲಿ ಬೇಡ ಅಂದಿದ್ದೆ. ಬೇಡ ತಾನೆ?"

"ಬೇಡ ತಾನೆ."

"ಬೇಕು ಅಂದ್ಯಲ್ಲಾ ಈಗ!" ಎಂದು ಕಿರುಚಿದಳು ರಾಜಾಮಣಿ.

"ಬೇಕು."

"ಬೇಡ!"

"ಬೇಡ."

ಬೇಕು ಬೇಡ ಬೇಕು ಬೇಡ, ಇತ್ತ ಸೊಸೆ ಅತ್ತ ಅತ್ತೆ, ನಡುವೆ ಕೈಯೆತ್ತಿ ನಿಂತ ತಿರುಮಲೈಸಾಮಿಯ ತಲೆ ಮಗ್ಗದ ಲಾಳಿಯ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ಓಡಾಡಿತು. ಗದ್ದಲಕ್ಕೆ ಎಚ್ಚರಾದ ಜಾನಮ್ಮ ಕಣ್ಣುಜ್ಜಿಕೊಂಡು, ಏನೆಂದು ತಿಳಿಯದೆಯೇ, "ಕಾಫಿ ಬೇಕಾ?" ಎಂದಳು. "ಕಾಫಿ ಬೇಕು" ಎಂದಿತು ದೈವ.

ಕುಪ್ಪಮ್ಮ ಥಟ್ಟನೆ ನಿಂತಳು. ಕರ್ಪೂರದ ತಟ್ಟೆಯನ್ನು ಕೆಳಗಿಟ್ಟಳು. ಮಗನ ಮುಖವನ್ನು ಹತ್ತಿರದಿಂದ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕಿತು, ಭುಜ ಕುಲುಕಿತು, ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ಹೋ ಎಂದು ನಕ್ಕಳು.

"ಇದು ಅಮ್ಮ ಅಲ್ಲ ಕಣ್ರೇ. ಅಮ್ಮ ಬಂದ್ರೆ ಯಾರ ಮಾತೂ ಕೇಳಲ್ಲ. ಇದು ಎಲ್ಲಾರ ಮಾತೂ ಕೇಳ್ತದೆ. ಇದು ನನ್ನ ಮಗನೇ!"

ಮಾರಿಮುತ್ತು ಚಪ್ಪಾಳೆ ತಟ್ಟಿದ. ತಿರುಮಲೈಸಾಮಿ ಕಣ್ಣುಬಿಟ್ಟು, ಮೇಲೆದ್ದಿದ್ದ ತನ್ನ ಕೈಗಳನ್ನು ನೋಡಿ, ಹಣೆಯ ಕುಂಕುಮ ಮುಟ್ಟಿಕೊಂಡು, "ಯಾರಿಗೆ ಏನಾಯ್ತು?" ಎಂದ. ಶೆಡ್ಡಿನೊಳಗೆ ನೂಲು ಕಡಿದು ಒಂದು ಮಗ್ಗ ನಿಂತಿತು. ಬದುಕಿಕೊಂಡೆ ಎಂಬಂತೆ ಒಳಗೆ ಓಡಿದ.

ಕುಪ್ಪಮ್ಮ ಮಂಚದ ಮೇಲೆ ಕೂತು ಕಣ್ಣೊರೆಸಿಕೊಂಡಳು. ನಗು ಇಳಿದ ಮೇಲೆ ಸೊಸೆಯನ್ನು ನೋಡಿದಳು. "ಮಂಡಿ ವೈದ್ಯ, ಅಲ್ವಾ?"

ಮುಚ್ಚಿಡುವುದಕ್ಕೆ ಇನ್ನೇನು ಉಳಿದಿತ್ತು? ರಾಜಾಮಣಿ ನೆಲದ ಮೇಲೆ ಕುಸಿದು ಕೂತಳು. "ತಪ್ಪಾಯ್ತು ಅತ್ತೆ. ನನಗೆ ಆ ಮಿಷನ್ ಬೇಕು. ನಿದ್ದೇಲೂ ಅದನ್ನೇ ತುಳೀತೀನಿ. ನೂಲು ಸುತ್ತಿ ಸುತ್ತಿ ನಾನೇ ಒಂದು ಕಂಡಿಕೆ ಆಗೋದೆ. ನೀವು ಬೇಡ ಅಂದ್ರಿ..."

"ನಾನೆಲ್ಲಿ ಅಂದೆ?"

"ಆಡಿ ಶುಕ್ರವಾರ, ನಿಮ್ಮ ಮೇಲೆ..."

"ಅಮ್ಮ ಅಂದ್ಲು" ಎಂದಳು ಕುಪ್ಪಮ್ಮ. "ಅವಳು ಬಂದಾಗ ನಾನು ಎಲ್ಲಿರ್ತೀನೋ ನನಗೇ ತಿಳಿಯಲ್ಲ. ಎದ್ದು ನೋಡಿದ್ರೆ ಮೈಯೆಲ್ಲ ನೋವು, ಬಾಯೆಲ್ಲ ಒಣಗಿರ್ತದೆ. ಅಮ್ಮ ಹಿಂಗಂದ್ಲು ಅತ್ತೆ ಅಂತ ನೀನೇ ಬಂದು ನನಗೆ ಹೇಳೋದು. ಆ ಬನಿಯನ್ ಬೇಡ ಅಂದಿದ್ದೂ ನೀನು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಮೂಗು ಸೀಟಿಕೊಂಡು ಹೇಳ್ದೆ, ನೆನಪದೆ."

ರಾಜಾಮಣಿ ನೆಲದ ಮೇಲೆ ಬಿದ್ದಿದ್ದ ಬೇವಿನೆಲೆಗಳನ್ನು ಒಂದೊಂದಾಗಿ ಆರಿಸತೊಡಗಿದಳು.

"ಈ ಮನೆಗೆ ಬಂದಾಗ ನನಗೆ ಮೀಸೆ ಮೂಡದ ಹುಡುಗನಷ್ಟೂ ಬೆಲೆ ಇರಲಿಲ್ಲ" ಎಂದಳು ಕುಪ್ಪಮ್ಮ, ಗೋಡೆಯ ಕಡೆ ನೋಡುತ್ತಾ. "ಮಾತಾಡಿದ್ರೆ ನಿಮ್ಮ ಮಾವ, ಒಳಗೆ ಓಗು ಅಂತಿದ್ರು. ಒಂದು ದಿನ ಅಮ್ಮ ಬಂದ್ಲು. ಅವತ್ತಿಂದ ಎಲ್ಲಾರೂ ಕೈಮುಗಿದು ಕೇಳೋರೇ. ಅವಳನ್ನ ಕೇಳ್ತೀರ, ಅವಳು ಓದ ಮೇಲೆ ಕುಪ್ಪಮ್ಮನಿಗೆ ಒಂದು ಲೋಟ ನೀರು ಕೊಟ್ಟು ಮಲಗಿಸ್ತೀರ. ಮುದುಕೀ ನಿನಗೆ ಏನನ್ಸ್ತದೆ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಇವತ್ತೂ ಇವನನ್ನ ಕರ್ಕೊಂಡು ಬಂದೆ. ನನ್ನನ್ನ ಕೇಳಲಿಲ್ಲ."

ತನ್ನ ಹೆಸರು ಯಾರೂ ಕೇಳುವುದಿಲ್ಲ ಎಂದು ಕೊರಗಿದವಳು ತಾನು. ಪಕ್ಕದಲ್ಲೇ ಕೂತವಳ ಕೊರಗು ತನ್ನದಕ್ಕಿಂತ ಹಳೆಯದು, ಅದು ಕಣ್ಣಿಗೇ ಬಿದ್ದಿರಲಿಲ್ಲ. ರಾಜಾಮಣಿ ಎದ್ದು ಮಂಚದ ತುದಿಯಲ್ಲಿ, ಅತ್ತೆಯ ಪಕ್ಕದಲ್ಲೇ ಕೂತಳು. ಹಾಗೆ ಅವಳು ಎಂದೂ ಕೂತಿರಲಿಲ್ಲ.

"ಅತ್ತೆ, ನಮ್ಮಣ್ಣ ಎರಡು ಮಿಷನ್ ಕಳಿಸ್ತಾನಂತೆ. ಹಾಕಲಾ?"

ಕುಪ್ಪಮ್ಮ ಕಾಲು ನೀವಿಕೊಂಡಳು. ಸೆರಗು ಸರಿಮಾಡಿಕೊಂಡಳು. ಕಣ್ಣು ಕೆಂಪಾಗಲಿಲ್ಲ, ದನಿ ಗುಡುಗಲಿಲ್ಲ. ಮದುವೆಗೆ ಒಪ್ಪಿಗೆ ಕೇಳಿಸಿಕೊಂಡ ಹುಡುಗಿಯ ಹಾಗೆ ಅವಳ ಮುಖಕ್ಕೆ ಒಂದು ನಾಚಿಕೆ ಬಂದು ಕೂತಿತು. ಮೂಲೆಯಲ್ಲಿ ಮಾರಿಮುತ್ತು ಉಸಿರು ಹಿಡಿದು ನಿಂತಿದ್ದ, ಮುಖದ ಮೇಲೆ ಬೇವಿನೆಲೆ ಅಂಟಿದ್ದೂ ಅವನಿಗೆ ತಿಳಿದಿರಲಿಲ್ಲ.

"ಅಮ್ಮ ಬಯ್ದರೆ?" ಎಂದಳು ರಾಜಾಮಣಿ.

"ಬಯ್ಯಲಿ. ಆಗ ಬೇಕಾದ್ರೆ ಅವಳು ನನ್ನನ್ನ ಕೇಳಲಿ, ನಾನು ಉತ್ತರ ಹೇಳ್ತೀನಿ" ಎಂದಳು ಕುಪ್ಪಮ್ಮ. "ಹಾಕು ಅಮ್ಮಣಿ. ಕಿಟಕಿ ಪಕ್ಕಕ್ಕೆ ಹಾಕು, ಬೆಳಕು ಬತ್ತದೆ."

ರಾಜಾಮಣಿ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ತಿರುಪ್ಪೂರಿಗೆ ಫೋನು ಮಾಡಿಸಲು ಅಂಚೆ ಕಚೇರಿಗೆ ಓಡಬೇಕೆಂದು ಎದ್ದಳು. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು.

"ಏಯ್ ರಾಜಾಮಣಿ."

"ಏನತ್ತೆ?"

"ನನ್ನನ್ನ ಇನ್ನೊಂದು ಸಲ ಕೇಳು."